ಬೆಕ್ಕಿಗೊಂದು ಬಾಣಂತನ

ಬೆಕ್ಕಿಗೂ ಸಿಸೇರಿಯನ್ನೇ ಎಂದು ನಗಬೇಡಿ. ಅಟ್ಟದ ಮೂಲೆಯಲ್ಲಿ ತಾನಾಗಿ ಮರಿ ಹಾಕಿ, ಅವನ್ನು ಕಚ್ಚಿಕೊಂಡು ಏಳು ಮನೆ ಸುತ್ತುವ ಬೆಕ್ಕನ್ನು ನೋಡಿ ಬೆಳೆದವರು ನಾವು. ಆದರೆ ಎಲ್ಲ ಹೆರಿಗೆಯೂ ಅಷ್ಟು ಸಲೀಸಲ್ಲ. ಬೆಕ್ಕು ಜೋರಾಗಿ ತಿಣುಕಲು ಶುರು ಮಾಡಿ ಅರ್ಧ ಗಂಟೆಯಾದರೂ ಮರಿ ಬರದಿದ್ದರೆ ತಡಮಾಡದೆ ಪಶುವೈದ್ಯರಿಗೆ ತೋರಿಸಬೇಕು. ನಮ್ಮ ಚಿನ್ನಿಗೆ ಆದದ್ದು ಅದೇ. ಶಸ್ತ್ರಚಿಕಿತ್ಸೆ ಮಾಡಿ ತೆಗೆದ ಮೂರು ಮರಿಗಳಲ್ಲಿ ಒಂದು ಬದುಕಿರಲಿಲ್ಲ. ಉಳಿದೆರಡನ್ನೂ ಮಂಪರಿನಲ್ಲಿದ್ದ ತಾಯಿಯನ್ನೂ ಬುಟ್ಟಿಯಲ್ಲಿಟ್ಟುಕೊಂಡು ಸಂಜೆ ಮನೆಗೆ ಬಂದೆವು.

ಅರಿವಳಿಕೆ ಪೂರ್ತಿ ಇಳಿಯುವ ತನಕ ಮರಿಗಳನ್ನು ತಾಯಿಯ ಬಳಿ ಒಂಟಿಯಾಗಿ ಬಿಡಬಾರದು. ಮಂಪರಿನಲ್ಲಿ ಅವುಗಳ ಮೇಲೆಯೇ ಮಲಗಿಬಿಡಬಹುದು. ಬಿಸಿನೀರು ತುಂಬಿದ ಬಾಟಲಿಗೆ ದಪ್ಪ ಬಟ್ಟೆ ಸುತ್ತಿ ಮರಿಗಳ ಪಕ್ಕದಲ್ಲಿಟ್ಟೆವು. ಮೈ ತಣ್ಣಗಾದ ಮರಿಗೆ ಹಾಲು ಕುಡಿಸಿದರೂ ಜೀರ್ಣವಾಗುವುದಿಲ್ಲ.

ನಿಜವಾದ ಆತಂಕ ಶುರುವಾದದ್ದು ಚಿನ್ನಿ ಎಚ್ಚರಗೊಂಡ ಮೇಲೆ. ಮರಿಗಳನ್ನು ಹತ್ತಿರ ತಂದರೆ ಬುಸುಗುಟ್ಟಿ ಮುಖ ತಿರುಗಿಸುತ್ತಿದ್ದಳು. ತಾನಾಗಿ ಹೆತ್ತ ಬೆಕ್ಕು ಮರಿಯನ್ನು ನೆಕ್ಕುತ್ತಲೇ ಅದರ ವಾಸನೆಯನ್ನು ತನ್ನದೆಂದು ಗುರುತಿಸುತ್ತದೆ. ಇವಳಿಗೆ ಅದಕ್ಕೆ ಅವಕಾಶವೇ ಆಗಿರಲಿಲ್ಲ. ಮರಿಗಳ ಮೈಯಲ್ಲೂ ಔಷಧಿಯ ವಾಸನೆ. ಮೊದಲ ದಿನದ ಗಿಣ್ಣುಹಾಲು ಮರಿಗಳಿಗೆ ರೋಗನಿರೋಧಕ ಶಕ್ತಿ ಕೊಡುತ್ತದೆ. ಅದು ತಪ್ಪಿದರೆ ಮತ್ತೆ ಸಿಗುವುದಿಲ್ಲ.

"ಅವಳಿಗೆ ನೋವು ಮಗಳೇ, ಒತ್ತಾಯ ಮಾಡಬೇಡ" ಎಂದರು ಉಮ್ಮ. ಚಿನ್ನಿ ಮಲಗಿದ್ದ ಬಟ್ಟೆಯಿಂದಲೇ ಮರಿಗಳನ್ನು ಉಜ್ಜಿ, ಅವಳದೇ ಹಾಲನ್ನು ಅವುಗಳ ತಲೆಗೆ ಸವರಿದೆವು. ಎರಡು ಗಂಟೆಗೊಮ್ಮೆ ನಾನು ಅವಳ ಹಣೆ ಸವರುತ್ತಾ ಕೂರುವುದು, ಉಮ್ಮ ಮರಿಗಳ ಬಾಯಿಯನ್ನು ಮೊಲೆಗೆ ಹಿಡಿಯುವುದು. ಮರಿಗಳು ತಾವಾಗಿ ಮಲಮೂತ್ರ ಮಾಡಲಾರವು. ತಾಯಿ ನೆಕ್ಕಿದರೆ ಮಾತ್ರ ಆಗುತ್ತದೆ. ಅದಕ್ಕಾಗಿ ಬೆಚ್ಚನೆಯ ನೀರಲ್ಲಿ ಅದ್ದಿದ ಹತ್ತಿಯಿಂದ ನಾವೇ ಒರೆಸಿದೆವು. ಸುಬ್ಹಿಯ ಬಾಂಗ್ ಕೇಳುವ ಹೊತ್ತಿಗೆ ಚಿನ್ನಿ ತಲೆಯೆತ್ತಿ ಒಂದು ಮರಿಯ ಬೆನ್ನು ನೆಕ್ಕಿದಳು. ಉಮ್ಮನ ಕಣ್ಣು ತುಂಬಿತ್ತು.

ಗಾಯದ ಆರೈಕೆ ಕಷ್ಟದ್ದಲ್ಲ, ಗಮನ ಬೇಕು ಅಷ್ಟೆ. ದಿನಕ್ಕೆರಡು ಸಲ ಹೊಲಿಗೆ ನೋಡಿ. ಸ್ನಾನ ಮಾಡಿಸಬೇಡಿ, ಎತ್ತರಕ್ಕೆ ಹಾರಲು ಬಿಡಬೇಡಿ. ಅರಶಿನ, ಎಣ್ಣೆ ಹಚ್ಚಬೇಡಿ. ನೆಲ ಒರೆಸುವ ಫಿನಾಯಿಲ್ ಬೆಕ್ಕಿಗೆ ವಿಷ. ನೋವಿಗೆಂದು ನಾವು ನುಂಗುವ ಪ್ಯಾರಸಿಟಮಾಲ್ ಕೊಟ್ಟರೆ ಅದರ ಪ್ರಾಣವೇ ಹೋಗಬಹುದು. ವೈದ್ಯರು ಬರೆದುಕೊಟ್ಟದ್ದನ್ನು ಮಾತ್ರ ಕೊಡಿ. ಹೊಲಿಗೆ ಬಿಚ್ಚಬೇಕಿದ್ದರೆ ಸಾಮಾನ್ಯವಾಗಿ 10ರಿಂದ 14 ದಿನಗಳಲ್ಲಿ ಬಿಚ್ಚುತ್ತಾರೆ.

ಹಾಲೂಡುವ ಬೆಕ್ಕಿಗೆ ಹಸಿವು ಹೆಚ್ಚು. ಮುಳ್ಳು ತೆಗೆದ ಬೇಯಿಸಿದ ಮೀನು, ಉಪ್ಪು ಖಾರವಿಲ್ಲದ ಕೋಳಿಮಾಂಸವನ್ನು ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಕೊಡಿ. ನೀರು ಸದಾ ಪಕ್ಕದಲ್ಲಿರಲಿ. ಹುಟ್ಟಿದಾಗ ಸುಮಾರು 100 ಗ್ರಾಂ ಇರುವ ಮರಿ ದಿನಕ್ಕೆ ಹತ್ತು ಗ್ರಾಂನಷ್ಟಾದರೂ ತೂಕ ಏರಬೇಕು. ಅಡುಗೆಮನೆಯ ತಕ್ಕಡಿ ಸಾಕು. ತೂಕ ಏರದಿದ್ದರೆ, ತಾಯಿ ಊಟ ಬಿಟ್ಟರೆ, ಗಾಯ ಊದಿ ಕೀವಾದರೆ, ಸ್ರಾವ ದುರ್ವಾಸನೆ ಬಂದರೆ, ಮೊಲೆ ಕೆಂಪಾಗಿ ಬಿಸಿಯಾದರೆ ಅಥವಾ ಮೈ ನಡುಗಿದರೆ ಮನೆಮದ್ದಿಗೆ ಕೈಹಾಕದೆ ಆಸ್ಪತ್ರೆಗೆ ಹೊರಡಿ.

"ಒಂದು ಬೆಕ್ಕಿಗೆ ಇಷ್ಟೆಲ್ಲಾ ಬೇಕಾ?" ಎಂದರು ಪಕ್ಕದ ಮನೆಯವರು. ನೋವು ಎಲ್ಲಿದೆ ಎಂದು ಬಾಯಿಬಿಟ್ಟು ಹೇಳಲಾರದ ಜೀವವದು. ಬಾಗಿಲು ಕಾಯುವ ನಮ್ಮನ್ನೇ ನಂಬಿಕೊಂಡಿದೆ.

ಕೊನೆಗೊಂದು ಮಾತು. ಹಾಲೂಡುತ್ತಿರುವಾಗ ಬೆಕ್ಕು ಗಬ್ಬವಾಗದು ಎಂದು ನಂಬಬೇಡಿ. ಕೆಲವೇ ವಾರಗಳಲ್ಲಿ ಆಗಬಹುದು. ಅದನ್ನು ಹೊರಗೆ ಬಿಡದೆ, ಮರಿ ಹಾಕದಂತೆ ಮಾಡುವ ಶಸ್ತ್ರಚಿಕಿತ್ಸೆ ಯಾವಾಗ ಮಾಡಿಸಬಹುದೆಂದು ವೈದ್ಯರನ್ನು ಕೇಳಿ. ನಿಮ್ಮ ಮನೆಯ ಬೆಕ್ಕು ಈಗಾಗಲೇ ಗಬ್ಬವಾಗಿದ್ದರೆ ಒಂಬತ್ತು ವಾರಗಳ ಲೆಕ್ಕವಿಡಿ. ರಾತ್ರಿಯೂ ಸಿಗುವ ಪಶುವೈದ್ಯರೊಬ್ಬರ ಫೋನ್ ನಂಬರನ್ನು ಇಂದೇ ಬರೆದಿಟ್ಟುಕೊಳ್ಳಿ.