ಮುಯ್ಯಿ ತೀರಿಸಿದ ಅಕ್ಕ

ಮಾಸೂರಿನ ಈ ಅಕ್ಕನ ಹೆಸರನ್ನು ನಾವು ಬರೆಯುವುದಿಲ್ಲ. "ನನ್ನ ಫೋಟೋ ಹಾಕಬ್ಯಾಡ್ರಿ, ಹೆಸರೂ ಬ್ಯಾಡ. ಓಣಿಯವರು ಮಾಡಿದ್ದು ಬರೀರಿ" ಎಂದು ಅವರೇ ಹೇಳಿದ್ದಾರೆ.

ಮಾರ್ಚ್ ತಿಂಗಳಲ್ಲಿ ಅವರ ಗಂಡ ಎದೆನೋವಿನಿಂದ ತೀರಿಕೊಂಡರು. ಶಾಲೆಗೆ ಹೋಗುವ ಎರಡು ಮಕ್ಕಳು. ಒಂದೂವರೆ ಎಕರೆ ಹೊಲ, ಅದೂ ತೀರಿಹೋದ ಮಾವನ ಹೆಸರಿನಲ್ಲಿ.

ನಮ್ಮ ಕಡೆ ಸಾವಿನ ಮನೆಗೆ ಜನ ಕಡಿಮೆಯಾಗುವುದಿಲ್ಲ. ಅಕ್ಕಪಕ್ಕದವರು ರೊಟ್ಟಿ, ಪಲ್ಯ ತಂದು ಕೊಡುತ್ತಾರೆ. ದಿವಸದ ಕಾರ್ಯ ಮುಗಿದ ಮೇಲೆ ಮಾತ್ರ ಬರುವವರು ಇರುವುದಿಲ್ಲ. ಸುದ್ದಿ ಬರೆಯುವ ನಾವೂ ಹಾಗೇ ಮಾಡಿದೆವು. "ಧೈರ್ಯ ತಗೋರಿ ಅಕ್ಕಾ" ಅಂದು ಬಂದವರು ಎರಡು ತಿಂಗಳು ಆ ಕಡೆ ತಲೆ ಹಾಕಲಿಲ್ಲ.

ಆ ಎರಡು ತಿಂಗಳು ಅಕ್ಕ ನಸುಕಿನಲ್ಲಿ ನೀರು ತಂದು ಬಾಗಿಲು ಹಾಕಿಕೊಂಡರೆ ಮತ್ತೆ ಹೊರಗೆ ಬರುತ್ತಿರಲಿಲ್ಲ. ಕೆಲಸಕ್ಕೆ ಹೊರಟವರಿಗೆ ಎದುರಾದರೆ ಅಪಶಕುನ ಅಂದಾರು ಎಂಬ ಅಂಜಿಕೆ. ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಆ ಬಾಗಿಲು ತೆಗೆಸಿದವರು ಎದುರು ಮನೆಯ ಅಜ್ಜಿ. ಒಂದು ದಿನ ಬುಟ್ಟಿ ತುಂಬ ಹುಣಸೆಹಣ್ಣು ತಂದು ಕಟ್ಟೆಯ ಮೇಲಿಟ್ಟು, "ಯವ್ವಾ, ನನ್ನ ಕೈ ನೋಯ್ತಾವ. ಇಷ್ಟು ಬೀಜ ಬಿಡಿಸಿ ಕೊಡವ್ವಾ" ಎಂದರು. ಮರುದಿನವೂ ಬಂದರು. ಸಮಾಧಾನದ ಮಾತು ಒಂದೂ ಆಡಲಿಲ್ಲ. ವಾರದೊಳಗೆ ಆ ಕಟ್ಟೆಯ ಮೇಲೆ ಐದಾರು ಹೆಂಗಸರು ಕೂಡತೊಡಗಿದರು.

ಜೂನ್‌ನಲ್ಲಿ ಮಿರಗದ ಮಳೆ ಬಿತ್ತು. ಗೋವಿನಜೋಳ ಬಿತ್ತಬೇಕು, ಅಕ್ಕನ ಕೈಯಲ್ಲಿ ರೊಕ್ಕವಿಲ್ಲ. ಪಕ್ಕದ ಹೊಲದ ಕಾಕಾ ಎತ್ತು ಹೂಡಿಕೊಂಡು ಬಂದರು. ಅಕ್ಕ ಬೇಡವೆಂದರು. "ಪುಕ್ಕಟೆ ಅಲ್ಲವ್ವಾ. ನಮ್ಮ ಹೊಲದಾಗ ಕಳೆ ತೆಗೆಯೋ ಮುಂದ ನೀ ಮುಯ್ಯಿಗೆ ಬಾ" ಎಂದರು ಕಾಕಾ.

ಮುಯ್ಯಿ ಹಳ್ಳಿಯವರಿಗೆ ಗೊತ್ತಿದ್ದದ್ದೇ. ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಕೂಲಿ ಇಲ್ಲ, ಉಪಕಾರದ ಭಾರವೂ ಇಲ್ಲ. ಅಕ್ಕ ಆ ವರ್ಷ ನಾಲ್ಕು ಮನೆಯವರ ಕಳೆ ತೆಗೆದು ಮುಯ್ಯಿ ತೀರಿಸಿದರು. ದಾನ ಕೊಟ್ಟಿದ್ದರೆ ಅವರು ಮತ್ತೆ ಬಾಗಿಲು ಹಾಕಿಕೊಳ್ಳುತ್ತಿದ್ದರೇನೋ. ತಿರುಗಿ ಕೊಡಲು ಬಿಟ್ಟಿದ್ದರಿಂದ ತಲೆಯೆತ್ತಿ ನಡೆದರು.

ನಮ್ಮ ಪಾಲಿಗೆ ಬಂದದ್ದು ಕಾಗದದ ಕೆಲಸ. ಮರಣ ಪ್ರಮಾಣಪತ್ರ, ವಂಶವೃಕ್ಷ, ಪೌತಿ ಖಾತೆ, ವಿಧವಾ ವೇತನದ ಅರ್ಜಿ. ಒಂದು ಕಚೇರಿಯಲ್ಲಿ "ನಾಳೆ ಬಾ" ಎಂದು ಮೂರು ಸಲ ಕಳಿಸಿದರು. ನಾಲ್ಕನೇ ಸಲ ಕಟ್ಟೆಯ ಹೆಂಗಸರೂ ಜೊತೆಗೆ ಹೋದರು. ಅವತ್ತೇ ಅರ್ಜಿ ತೆಗೆದುಕೊಂಡರು. ವಂಶವೃಕ್ಷಕ್ಕೆ ಬೇಕಾದ ಸಹಿಗೆ ಮೈದುನ ಹಿಂದೆಮುಂದೆ ನೋಡುತ್ತಿದ್ದ. ಕಾಕಾ ಅವನನ್ನು ಕೂಡಿಸಿಕೊಂಡು ಮಾತಾಡಿದರು.

ಓದುವವರಿಗೂ ಉಪಯೋಗವಾಗಲಿ ಎಂದು ಹೇಳುತ್ತೇವೆ. ಸಾವನ್ನು 21 ದಿನದೊಳಗೆ ನೋಂದಾಯಿಸಿದರೆ ಶುಲ್ಕವಿಲ್ಲ. ವಿಧವಾ ವೇತನ ತಿಂಗಳಿಗೆ 800 ರೂಪಾಯಿ. ಬಡತನ ರೇಖೆಯ ಕೆಳಗಿನ ಕುಟುಂಬದಲ್ಲಿ ದುಡಿಯುವವರು 60 ತುಂಬುವ ಮೊದಲು ತೀರಿಕೊಂಡರೆ ರಾಷ್ಟ್ರೀಯ ಕುಟುಂಬ ನೆರವು ಯೋಜನೆಯಲ್ಲಿ 20,000 ರೂಪಾಯಿ ಸಿಗುತ್ತದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ, ಉಯಿಲು ಬರೆಯದೆ ಗಂಡ ತೀರಿಕೊಂಡರೆ ಅವನ ಪಾಲಿಗೆ ಮಕ್ಕಳು, ತಾಯಿಯ ಜೊತೆ ಹೆಂಡತಿಯೂ ವಾರಸುದಾರಳು. ಇದನ್ನು ಯಾರೂ ದಯೆಯಿಂದ ಕೊಡುವುದಲ್ಲ.

ಸೀಗಿ ಹುಣ್ಣಿಮೆ ಬಂತು. ಹೊಲದಲ್ಲಿ ಪಾಂಡವರನ್ನಿಟ್ಟು ಪೂಜೆ ಮಾಡುವಾಗ ಅಕ್ಕ ದೂರ ನಿಂತಿದ್ದರು. "ಬೆಳಿ ನಿಂದು, ನೀನs ಮಾಡಬೇಕು" ಎಂದು ಕರೆದವರು ಅದೇ ಅಜ್ಜಿ. ಯಾರೋ ಗೊಣಗಿದರು. ಅಜ್ಜಿ ತಿರುಗಿ, "ಸರ್ವಜ್ಞ ನಮ್ಮೂರಾಂವ ಅಂತ ಎದಿ ಉಬ್ಬಿಸ್ತೀರಿ. ಅವನ ತಾಯಿ ಮಾಳಿ ಗಂಡ ಇಲ್ಲದಾಕಿ ಅಂತ ಹಿರೇರು ಹೇಳಿದ್ದು ಮರತ್ರೇನು?" ಎಂದರು. ಮತ್ತೆ ಯಾರೂ ಮಾತಾಡಲಿಲ್ಲ. ಅಕ್ಕ ಕುಂಕುಮ ಏರಿಸಿ, ಚರಗ ಚೆಲ್ಲಿದರು. ಅವರ ಕೈ ನಡುಗುತ್ತಿತ್ತು.

ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಯ ಹೇರವಾಡದಲ್ಲಿ 2022ರ ಮೇ ತಿಂಗಳಲ್ಲಿ, ವಿಧವೆಯರ ಬಳೆ ಒಡೆಯುವ, ಕುಂಕುಮ ಅಳಿಸುವ ಪದ್ಧತಿ ಬೇಡವೆಂದು ಗ್ರಾಮಸಭೆಯೇ ಠರಾವು ಮಾಡಿತು. ನಮ್ಮ ಊರಲ್ಲಿ ಠರಾವು ಆಗಿಲ್ಲ. ಒಂದು ಕಟ್ಟೆ, ಒಂದು ಜೋಡಿ ಎತ್ತು, ಒಬ್ಬ ಅಜ್ಜಿಯಿಂದ ಇಷ್ಟಾಗಿದೆ.

ಮೊನ್ನೆ ಪಕ್ಕದ ಓಣಿಯಲ್ಲಿ ಒಂದು ಸಾವಾಯಿತು. ದಿವಸ ಮುಗಿದ ಮರುದಿನ ಅಕ್ಕ ಬುಟ್ಟಿ ತುಂಬ ಹುಣಸೆಹಣ್ಣು ಹೊತ್ತು ಆ ಮನೆಯ ಕಡೆ ಹೊರಟಿದ್ದರು. ಈ ಸಲ ನಾವೂ ಹಿಂದೆ ಹೋದೆವು.