‘ಬನ್ನಿ’ ಅನ್ನೋದು ಯಾರಿಗೆ?

ಪೋಷಕರ ಸಭೆಯಲ್ಲಿ ತಪ್ಪದೇ ಕೇಳಿಬರುವ ಮಾತೊಂದಿದೆ. “ಈಗಿನ ಮಕ್ಕಳಿಗೆ ಮರ್ಯಾದೆ ಅನ್ನೋದೇ ಗೊತ್ತಿಲ್ಲ ಮಿಸ್, ನೀವಾದ್ರೂ ಸ್ವಲ್ಪ ಹೇಳ್ಕೊಡಿ.” ಹದಿನಾಲ್ಕು ಹದಿನೈದರ ಮಕ್ಕಳ ಅಪ್ಪ ಅಮ್ಮಂದಿರು ಹೀಗೆ ಹೇಳಿದಾಗ, ಏನು ಮಾಡ್ತಾನೆ ಅಂತ ಕೇಳುತ್ತೇನೆ. ಎದುರು ಮಾತಾಡ್ತಾನೆ, ನೆಂಟರು ಬಂದ್ರೆ ರೂಮಿಂದ ಆಚೆಗೇ ಬರಲ್ಲ, ಅಜ್ಜಿ ಮಾತಾಡಿಸಿದ್ರೆ ಮೊಬೈಲಿಂದ ತಲೆ ಎತ್ತಲ್ಲ. ಸುಳ್ಳು ದೂರುಗಳೇನಲ್ಲ ಇವು. ಆದರೆ “ನನ್ನ ಮಗ ವಾಚ್‌ಮನ್ ಹತ್ರ ಒರಟಾಗಿ ಮಾತಾಡ್ತಾನೆ, ನಂಗದು ಸರಿ ಕಾಣಲ್ಲ” ಅಂತ ಇಷ್ಟು ವರ್ಷದಲ್ಲಿ ಒಬ್ಬ ಅಪ್ಪನೂ ಒಬ್ಬ ಅಮ್ಮನೂ ನನ್ನ ಬಳಿ ಹೇಳಿದ್ದಿಲ್ಲ.

ಯಾಕೆಂದರೆ ಮರ್ಯಾದೆ ಅಂದರೆ ಕೆಳಗಿನಿಂದ ಮೇಲಕ್ಕೆ ಹೋಗಬೇಕಾದ್ದು ಅಂತಲೇ ನಾವೆಲ್ಲ ಅಂದುಕೊಂಡಿದ್ದೇವೆ. ಮೇಲಿನವರಿಗೆ ಅದು ತಲುಪದಿದ್ದಾಗ ಮಾತ್ರ ದೂರು ಹುಟ್ಟುತ್ತದೆ.

ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ನಮ್ಮ ಶಾಲೆಯಲ್ಲಿ ಒಬ್ಬರು ಆಯಾ ಇದ್ದಾರೆ. ವಯಸ್ಸು ಐವತ್ತೈದು ದಾಟಿದೆ. ಕೋಣೆಗಳ ಕಸ, ಶೌಚಾಲಯ, ಬೆಲ್ಲು, ಬೀಗದ ಕೈ ಎಲ್ಲ ಅವರದೇ. ಒಂದು ದಿನ ಒಂಬತ್ತನೇ ತರಗತಿಯ ಹುಡುಗರು ಉಳಿದ ಅನ್ನ ಸಾರನ್ನೆಲ್ಲ ಕೈತೊಳೆಯೋ ಸಿಂಕಿಗೆ ಸುರಿದು ನೀರು ಕಟ್ಟಿಕೊಂಡಿತು. “ಯಾಕ್ರಪ್ಪಾ ಹಿಂಗ್ ಮಾಡ್ತೀರಾ” ಅಂತ ಅವರು ಕೇಳಿದ್ದಕ್ಕೆ ಒಬ್ಬ, “ಅದಕ್ಕೇ ತಾನೆ ನಿಂಗೆ ಸಂಬಳ ಕೊಡೋದು, ಸುಮ್ನೆ ಎತ್ತು” ಅಂದ.

ಸುದ್ದಿ ಹೆಡ್‌ಮಾಸ್ಟರ್ ಕೋಣೆಗೆ ಹೋಯಿತು. ಹುಡುಗನನ್ನು ಕರೆಸಿ, ಎಲ್ಲರೆದುರು ಆಯಾ ಕಾಲಿಗೆ ಬೀಳಿಸಿದರು. ಅವರು ಎರಡು ಹೆಜ್ಜೆ ಹಿಂದಕ್ಕೆ ಸರಿದು, “ಬ್ಯಾಡ ಬುಡಿ ಸಾರ್, ಮಗ ಏನೋ ತಿಳೀದೆ ಅಂದದೆ” ಎಂದು ಸೀರೆಯ ಸೆರಗಲ್ಲಿ ಕಾಲು ಮುಚ್ಚಿಕೊಳ್ಳಲು ನೋಡಿದರು. ಶಿಕ್ಷೆ ಯಾರಿಗೆ ಕೊಟ್ಟಂಗಾಯ್ತೋ ತಿಳಿಯದು. ಕಾಲು ಅವರದು, ನಮಸ್ಕಾರ ಮಾತ್ರ ಹೆಡ್‌ಮಾಸ್ಟರಿಗೆ ಹೋಯಿತು. ಮೂರೇ ದಿನ. ಅದೇ ಹುಡುಗ ಕಾರಿಡಾರಿನಿಂದ “ಏಯ್, ಲ್ಯಾಬ್ ಬೀಗ ತಗೊಂಬಾ” ಅಂತ ಕೂಗಿದ್ದು ನನ್ನ ಕಿವಿಗೆ ಬಿತ್ತು.

ಆ ವಾರ ವ್ಯಾಕರಣದಲ್ಲಿ ‘ವಚನ’ ಮಾಡಬೇಕಿತ್ತು. ಒಂದಿದ್ದರೆ ಏಕವಚನ, ಹೆಚ್ಚಿದ್ದರೆ ಬಹುವಚನ. ಒಬ್ಬರೇ ಇದ್ದರೂ ಗೌರವ ತೋರಿಸಲು ಬಳಸಿದರೆ ಅದು ಪೂಜ್ಯಾರ್ಥಕ ಬಹುವಚನ. ‘ಗುರುಗಳು ಬಂದರು’ ಅನ್ನೋದು ಎಲ್ಲರಿಗೂ ಗೊತ್ತಿರುವ ಉದಾಹರಣೆ. ಪರೀಕ್ಷೆಯಲ್ಲಿ ಬಂದರೆ ಒಂದು ಅಂಕ, ಅಲ್ಲಿಗೆ ಮುಗೀತು. ನಾನು ಒಂದು ಹೋಂವರ್ಕ್ ಕೊಟ್ಟೆ. ನಾಳೆ ಇಡೀ ದಿನ ನೀವು ಯಾರ ಯಾರ ಹತ್ತಿರ ಮಾತಾಡುತ್ತೀರೋ ಅವರನ್ನೆಲ್ಲ ಎರಡು ಸಾಲಾಗಿ ಬರೀಬೇಕು: ‘ನೀನು’ ಅಂದವರು, ‘ನೀವು’ ಅಂದವರು. ಹೆಸರು ಬೇಡ, ನಿಮಗೇನಾಗಬೇಕು ಅಥವಾ ಏನು ಕೆಲಸ ಅಂತ ಬರೆದರೆ ಸಾಕು. ಅಂಕ ಇಲ್ಲ, ಬೈಗುಳ ಇಲ್ಲ.

ಮಾರನೆಯ ದಿನ ಬೋರ್ಡಿನ ಮೇಲೆ ಎರಡು ಪಟ್ಟಿ ಬೆಳೆಯಿತು. ‘ನೀವು’ ಸಾಲಿನಲ್ಲಿ ಟ್ಯೂಷನ್ ಸಾರ್, ಡಾಕ್ಟರ್, ಬ್ಯಾಂಕಿನವರು, ಅಪ್ಪನ ಆಫೀಸಿನವರು, ಪೊಲೀಸ್. ‘ನೀನು’ ಸಾಲಿನಲ್ಲಿ ಅಮ್ಮ, ಗೆಳೆಯರು, ತಮ್ಮ, ತಂಗಿ, ಮನೆಕೆಲಸದವರು, ಸೊಪ್ಪಿನವರು, ಕಸದ ಗಾಡಿಯವರು, ಹೋಟೆಲಲ್ಲಿ ಟೇಬಲ್ ಒರೆಸುವವರು, ಸ್ಕೂಲ್ ಆಯಾ. ದೊಡ್ಡವರಿಗೆ ಬಹುವಚನ ಅಂತ ಎಲ್ಲರೂ ಬಾಯಿಪಾಠ ಮಾಡಿದ್ದರು ತಾನೆ? ಇಲ್ಲಿ ಇಪ್ಪತ್ತಾರು ವರ್ಷದ ಟ್ಯೂಷನ್ ಸಾರ್ ‘ನೀವು’, ಅರವತ್ತು ವರ್ಷದ ಸೊಪ್ಪಿನಜ್ಜಿ ‘ನೀನು’. ವಯಸ್ಸಿನ ಲೆಕ್ಕ ಅಲ್ಲಿಗೇ ಬಿದ್ದುಹೋಯಿತು. ಅದನ್ನು ನಾನು ಹೇಳಬೇಕಾಗಿ ಬರಲಿಲ್ಲ, ಬೋರ್ಡೇ ಹೇಳಿತು.

ಹದಿಹರೆಯದವರು ಸುಮ್ಮನೆ ಒಪ್ಪುವ ಪೈಕಿ ಅಲ್ಲ. ಒಬ್ಬ ಎದ್ದು ನಿಂತ. “ಮಿಸ್, ಅಮ್ಮಂಗೂ ನೀನು ಅಂತೀವಿ, ದೇವ್ರಿಗೂ ನೀನೇ ಕಾಪಾಡಪ್ಪ ಅಂತೀವಿ. ಹಂಗಾದ್ರೆ ದೇವ್ರಿಗೆ ಮರ್ಯಾದೆ ಕೊಟ್ಟಿಲ್ವಾ?” ಒಳ್ಳೇ ಪ್ರಶ್ನೆ. ಮಂಡ್ಯದ ಕಡೆ ಅಪ್ಪನನ್ನೂ ಮಾವನನ್ನೂ ಏಕವಚನದಲ್ಲಿ ಕರೆಯುವ ಮನೆಗಳಿವೆ, ಅಲ್ಲಿ ಅದು ಸಲಿಗೆ. ಧಾರವಾಡದ ಕಡೆ ಹೋದರೆ ಬಸ್ ಕಂಡಕ್ಟರಿಗೂ ‘ರೀ’ ಅಂಟಿಕೊಂಡೇ ಇರುತ್ತದೆ. ‘ಹೌದ್ರೀ’, ‘ಬರ್ರೀ’. ಇನ್ನೊಬ್ಬ, “ಇಂಗ್ಲಿಷಲ್ಲಿ ಈ ತಲೆನೋವೇ ಇಲ್ಲ ಮಿಸ್, ಎಲ್ರಿಗೂ ಯೂ” ಅಂದ. ನಗು. “ಹೌದಪ್ಪ, ಅಲ್ಲಿ ದನಿ ಏರಿಸಿದ್ರೆ ಗೊತ್ತಾಗುತ್ತೆ” ಅಂದೆ.

ಆಗ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಹೇಳಿದ ಮಾತು ನನ್ನ ಇಡೀ ಪಾಠಕ್ಕಿಂತ ದೊಡ್ಡದು. “ವಾಪಸ್ ಹೇಳಬಹುದಾ ಅಂತ ನೋಡ್ಬೇಕು ಮಿಸ್. ನಾನು ಅಮ್ಮಂಗೆ ನೀನು ಅಂದ್ರೆ ಅಮ್ಮನೂ ನಂಗೆ ನೀನು ಅಂತಾಳೆ. ಆಯಾ ನಮ್ಗೆ ಏಯ್ ಅಂದ್ರೆ ಏನಾಗುತ್ತೆ?”

ಬೋರ್ಡಿನ ಮೇಲೆ ಮೂರನೇ ಸಾಲು ಎಳೆದೆವು: ‘ವಾಪಸ್?’ ಗೆಳೆಯ, ಹೌದು. ತಂಗಿ, ಹೌದು, ಜೊತೆಗೆ ಹೊಡೀತಾಳೆ. ಕಸದ ಗಾಡಿಯವರು, ಇಲ್ಲ. ಹೋಟೆಲಿನವರು, ಇಲ್ಲ, ಕೆಲಸದಿಂದ ತೆಗೀತಾರೆ. ಎರಡೂ ಕಡೆ ಓಡಾಡುವ ಏಕವಚನ ಸಲಿಗೆ, ಒಂದೇ ಕಡೆ ಓಡುವ ಏಕವಚನ ದರ್ಪ. ಇಷ್ಟು ಹೊತ್ತಿಗೆ ಹಿಂದಿನ ಬೆಂಚಿನಿಂದ ಇನ್ನೊಬ್ಬಳು ಮೆಲ್ಲಗೆ, “ಅಪ್ಪ ಅಮ್ಮಂಗೆ ಹೋಗೇ ಅಂತಾರೆ. ಅಮ್ಮ ಹೋಗೋ ಅನ್ನಂಗಿಲ್ಲ” ಅಂದಳು. ತರಗತಿ ಗಪ್‌ಚುಪ್. ಹುಡುಗರಲ್ಲಿ ಕೆಲವರು ಪುಸ್ತಕ ನೋಡತೊಡಗಿದರು. ಆ ಸಾಲನ್ನು ನಾನು ಬೋರ್ಡಿನ ಮೇಲೆ ಬರೆಯಲಿಲ್ಲ. ಬರೆಯುವ ಅಗತ್ಯವಿರಲಿಲ್ಲ.

ಈ ಒಮ್ಮುಖ ಮಾತಿಗೆ ನಮ್ಮಲ್ಲಿ ದೊಡ್ಡ ಚರಿತ್ರೆಯೇ ಇದೆ. ಹೊಲದಲ್ಲಿ ದುಡಿಯುವ ಮುದುಕ, ಜಮೀನ್ದಾರರ ಮನೆಯ ಏಳು ವರ್ಷದ ಹುಡುಗನನ್ನು ‘ಬುದ್ಧೀ’, ‘ಧಣೀ’ ಅಂತ ಕರೆಯುತ್ತಿದ್ದ. ಆ ಹುಡುಗ ಮುದುಕನಿಗೆ ‘ಬಾರೋ’ ಅನ್ನುತ್ತಿದ್ದ. ತಲೆಯ ಮೇಲೆ ಮಲ ಹೊರಿಸುವ ಪದ್ಧತಿಯನ್ನು ನಮ್ಮ ರಾಜ್ಯದಲ್ಲಿ ನಿಷೇಧಿಸಿದವರು ದೇವರಾಜ ಅರಸು ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು, ಅದೂ 1970ರ ದಶಕದಲ್ಲಿ. ಕೇಂದ್ರದ ಕಾಯ್ದೆ 1993ರಲ್ಲಿ ಬಂತು, ಇನ್ನಷ್ಟು ಬಿಗಿಯಾದದ್ದು 2013ರಲ್ಲಿ. ಅಂದರೆ ನಮ್ಮ ಮಕ್ಕಳ ಅಜ್ಜ ಅಜ್ಜಿಯರು ಕಣ್ಣಾರೆ ಕಂಡ ಕಾಲ ಅದು, ಪುರಾಣವಲ್ಲ. ‘ಪೌರಕಾರ್ಮಿಕರು’ ಅನ್ನುವ ಪದ ಕಾಗದದಲ್ಲಿ ಬಂದಿದೆ, ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ. ಆದರೂ ಬೆಳಿಗ್ಗೆ ಗಾಡಿ ಬಂದಾಗ “ಅಮ್ಮಾ, ಕಸದವ್ನು ಬಂದ” ಅಂತಲೇ ಮಗು ಒಳಗೆ ಓಡುತ್ತದೆ. ಯಾರೂ ಹೇಳಿಕೊಟ್ಟಿಲ್ಲ, ಕೇಳಿ ಕಲಿತದ್ದು ಅಷ್ಟೆ. ಪಾಠ ಮಾಡದೇನೇ ಇಷ್ಟು ಚೆನ್ನಾಗಿ ಕಲಿತುಬಿಡುವ ವ್ಯಾಕರಣ ಬೇರೊಂದಿಲ್ಲ.

ಮಕ್ಕಳಿಗೆ ಹರೇಕಳ ಹಾಜಬ್ಬರ ಕಥೆ ಗೊತ್ತಿತ್ತು. ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದವರು. ವಿದೇಶಿಯರು ಇಂಗ್ಲಿಷಿನಲ್ಲಿ ಬೆಲೆ ಕೇಳಿದಾಗ ಉತ್ತರ ಕೊಡಲಾಗದೆ, ನನ್ನ ಊರಿನ ಮಕ್ಕಳಿಗೆ ಹೀಗಾಗಬಾರದು ಅಂತ ಶಾಲೆಗಾಗಿ ದುಡಿದವರು. 2020ರ ಪದ್ಮಶ್ರೀ ಪಟ್ಟಿಯಲ್ಲಿ ಅವರ ಹೆಸರು ಬಂತು. 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನಕ್ಕೆ ಬರಿಗಾಲಲ್ಲೇ ನಡೆದು ಹೋಗಿ ಪ್ರಶಸ್ತಿ ಪಡೆದರು. ಆ ಫೋಟೋ ನೋಡಿದ ಯಾರೂ ಈಗ ‘ಹಾಜಬ್ಬ ಬಂದ’ ಅನ್ನುವುದಿಲ್ಲ. ಸಂತೋಷ. ಆದರೆ ಮಕ್ಕಳನ್ನು ಕೇಳಿದೆ: ಶಾಲೆ ಕಟ್ಟದ, ಪ್ರಶಸ್ತಿ ಬರದ, ಬುಟ್ಟಿ ಹೊತ್ತು ಕಿತ್ತಳೆ ಮಾರಿ ಸಂಜೆ ಮನೆಗೆ ಹೋಗುವ ಇನ್ನೊಬ್ಬರಿಗೆ ಏನನ್ನಬೇಕು? ಸಾಧನೆ ಮಾಡಿದವರಿಗೆ ಮರ್ಯಾದೆ ಕೊಡುವುದನ್ನು ನಾವು ಚೆನ್ನಾಗಿಯೇ ಕಲಿಸುತ್ತೇವೆ. ಅದು ಬಹುಮಾನ ಕೊಟ್ಟಂತೆ. ಏನೂ ಸಾಧಿಸದ, ನಮ್ಮಿಂದ ಏನೂ ಕಿತ್ತುಕೊಳ್ಳಲಾಗದ, ನಮ್ಮ ಮೇಲೆ ದೂರು ಕೊಡಲೂ ಆಗದ ಮನುಷ್ಯರ ಹತ್ತಿರ ಹೇಗಿರುತ್ತೇವೆ ಅನ್ನೋದನ್ನ ಕಲಿಸೋದೇ ಕಷ್ಟ.

ಮರುದಿನದಿಂದ ಕೆಲವರು ಆಯಾಗೆ “ಬನ್ನಿ ಅಮ್ಮ”, “ಕೊಡಿ ಅಮ್ಮ” ಶುರು ಹಚ್ಚಿಕೊಂಡರು. ಅರ್ಧ ನಿಜ, ಅರ್ಧ ನಾಟಕ. ಹದಿನಾಲ್ಕರ ವಯಸ್ಸಲ್ಲಿ ಅಷ್ಟು ಬೆರಕೆ ಇರುವಂಥದ್ದೇ. ಎರಡು ದಿನ ನೋಡಿದ ಆಯಾ ಒಂಬತ್ತನೇ ತರಗತಿ ಬಾಗಿಲಲ್ಲಿ ನಿಂತು ಹೇಳಿದರು: “ಬನ್ನಿ ಗಿನ್ನಿ ಎಲ್ಲ ಬ್ಯಾಡ ಕಣ್ರಪ್ಪ. ಪಾಯಖಾನೆಗೆ ಹೋದ್ರೆ ಒಂದು ಬಕೆಟ್ ನೀರು ಹುಯ್ದು ಬನ್ನಿ, ಸಾಕು.”

ಎಷ್ಟು ಸರಿ! ಬಾಯಲ್ಲಿ ಬಹುವಚನ ಇಟ್ಟುಕೊಂಡು ಹೊಲಸನ್ನು ಅವರಿಗೇ ಬಿಟ್ಟು ಬರುವುದಾದರೆ ಪೂಜ್ಯಾರ್ಥಕವೆಲ್ಲ ಬರೀ ಒಂದು ಅಂಕದ ಉತ್ತರ. ನಾವು ಬಿಟ್ಟುಹೋದದ್ದನ್ನು ಯಾರೋ ಬಗ್ಗಿ ಎತ್ತಬೇಕು ಅನ್ನೋದು ಒಂದು ಕ್ಷಣ ತಲೆಗೆ ಬರಬೇಕು, ಕೈ ಹಿಂದೆಗೆಯಬೇಕು. ಮಾತು ಅಲ್ಲಿಂದ ತಾನಾಗಿ ಬರುತ್ತದೆ. ತರಗತಿಯವರು ಕೂತು ತಾವೇ ಒಂದು ನಿಯಮ ಮಾಡಿಕೊಂಡರು: ಊಟ ಉಳಿದರೆ ಡಬ್ಬಿಗೆ, ಸಿಂಕಿಗಲ್ಲ. ನೀರು ಹಾಕದೆ ಬಂದವರನ್ನು ಗೆಳೆಯರೇ ವಾಪಸ್ ಕಳಿಸಬೇಕು. ವಾರದಲ್ಲಿ ಎರಡು ದಿನ ಮರೆಯುತ್ತಾರೆ, ಮೂರು ದಿನ ನೆನಪಿರುತ್ತೆ. ಅಷ್ಟಾದರೂ ಆಯಿತಲ್ಲ.

ಪೋಷಕರು ಕೇಳಿದರೆ ನಾನೀಗ ಇದೇ ಹೋಂವರ್ಕ್ ಅವರಿಗೂ ಕೊಡುತ್ತೇನೆ. ಒಂದು ದಿನ, ಎರಡು ಸಾಲು, ಮಗ ಮಗಳ ಕಣ್ಣೆದುರಲ್ಲೇ ಬರೆಯಿರಿ. ಡ್ರೈವರನ್ನು ಏನಂತೀರಿ, ಹೆಂಡತಿಯನ್ನು ಏನಂತೀರಿ, ಮಗುವಿಗೇ ಏನಂತೀರಿ. ಮಗು ನಿಮಗೆ ಎದುರು ಮಾತಾಡುತ್ತದೆ ಅಂದಿರಲ್ಲ, ಅದು ಬೇರೆಯವರ ಪರವಾಗಿ ಎದುರು ಮಾತಾಡಿದ ದಿನ ಬೈಯಬೇಡಿ.

ಇನ್ನು ಆ ಹುಡುಗನ ವಿಷಯ. ಅವನು ಬದಲಾದ ಅಂತ ಬರೆದರೆ ಓದೋಕೆ ಚಂದ. ಅವನು ಆಯಾಗೆ ನೀನೂ ಅನ್ನುವುದಿಲ್ಲ, ನೀವೂ ಅನ್ನುವುದಿಲ್ಲ, ಕರೆಯುವುದನ್ನೇ ಬಿಟ್ಟಿದ್ದಾನೆ. ನಾಚಿಕೆಯೋ ಹಟವೋ ಅವನಿಗೇ ಗೊತ್ತು. ಲ್ಯಾಬಿನ ಬೀಗ ಬೇಕಾದರೆ ಮಾತ್ರ ತಾನೇ ನಡೆದುಕೊಂಡು ಹೋಗಿ ತರುತ್ತಾನೆ. ವಾಪಸ್ ಕೊಡುವಾಗ ಮೇಜಿನ ಮೇಲೆ ಎಸೆಯುವುದಿಲ್ಲ, ಅವರ ಕೈಗೇ ಕೊಡುತ್ತಾನೆ.