ಕಡತದ ಪಾಠ

ಚರಿತ್ರೆಯೆಂದರೆ ಅರಸರ ಹೆಸರು, ಯುದ್ಧಗಳ ಇಸವಿ ಎಂದು ಬಾಯಿಪಾಠ ಮಾಡುವ ಮಗುವಿಗೆ ಅದು ಬಹುಬೇಗ ಬೇಸರ ತರುತ್ತದೆ. ಎಳೆಯ ಮಕ್ಕಳ ತಿಳಿವು ಕಿವಿಗಿಂತ ಹೆಚ್ಚಾಗಿ ಕೈಯ ಮೂಲಕ ಬೆಳೆಯುತ್ತದೆ. ಹಿಂದಿನವರು ಮಾಡಿದ ಕೆಲಸವನ್ನು ತಾನೂ ಒಮ್ಮೆ ಮಾಡಿ ನೋಡಿದ ಮಗು ಅವರ ಬಾಳನ್ನು ಅರಿಯತೊಡಗುತ್ತದೆ. ಇದಕ್ಕೆ ಶಾಲೆಯೇ ಆಗಬೇಕೆಂದಿಲ್ಲ. ಮನೆಯ ಜಗಲಿ ಸಾಕು.

ಹೇರೂರು ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲ್ಲೂಕಿನ ಒಂದು ಮಲೆನಾಡಿನ ಊರು. ಅಲ್ಲಿಯ ಅಜ್ಜಿಯೊಬ್ಬಳು ಮೊಮ್ಮಕ್ಕಳಿಗೆ ಇಂಥ ಪಾಠ ಹೇಳಬಯಸಿದರೆ ಬೇಕಾದ ಸಾಮಗ್ರಿಗಳೆಲ್ಲ ಮನೆಯಲ್ಲಿಯೇ ದೊರೆಯುತ್ತವೆ. ಹಳೆಯ ಬಟ್ಟೆಯ ಉದ್ದನೆಯ ತುಂಡು, ಹುಣಿಸೆಬೀಜ, ಇದ್ದಿಲು—ಇಷ್ಟರಿಂದಲೇ ಹಿಂದಿನ ಕನ್ನಡಿಗರು ‘ಕಡತ’ವೆಂಬ ಲೆಕ್ಕದ ಪುಸ್ತಕವನ್ನು ಸಿದ್ಧಪಡಿಸುತ್ತಿದ್ದರು. ಹುಣಿಸೆಬೀಜವನ್ನು ಹುರಿದು, ಸಿಪ್ಪೆ ತೆಗೆದು, ನೆನೆಹಾಕಿ, ಅರೆದು ಕುದಿಸಿದರೆ ಅಂಟು ಸಿದ್ಧವಾಗುತ್ತದೆ. ಅದಕ್ಕೆ ಇದ್ದಿಲ ಪುಡಿ ಬೆರೆಸಿ ಬಟ್ಟೆಗೆ ಬಳಿದು ಒಣಗಿಸಬೇಕು. ಹೀಗೆ ಕಪ್ಪಾದ ಬಟ್ಟೆಯನ್ನು ಪದರ ಪದರವಾಗಿ ಮಡಿಸಿ, ಬಳಪದಿಂದ ಅದರ ಮೇಲೆ ಬರೆಯುತ್ತಿದ್ದರು. ಬರೆದುದನ್ನು ಅಳಿಸಿ ಮತ್ತೆ ಬರೆಯಲೂ ಬರುತ್ತಿತ್ತು. ಕಚೇರಿಯ ಕಾಗದಪತ್ರಗಳ ಕಟ್ಟನ್ನು ಇಂದಿಗೂ ಕಡತವೆಂದೇ ಕರೆಯುತ್ತಾರೆ. ಬಟ್ಟೆ ಮರೆಯಾದರೂ ಹೆಸರು ಉಳಿದಿದೆ.

ಈ ಕೆಲಸ ಮುಗಿಯುವ ವೇಳೆಗೆ ಮಕ್ಕಳ ಬೆರಳುಗಳು ಕಪ್ಪಾಗಿರುತ್ತವೆ. ಒಂದು ಲೆಕ್ಕ ಬರೆದಿಡುವುದರ ಹಿಂದೆ ಎಷ್ಟು ಶ್ರಮವಿತ್ತೆಂಬುದನ್ನು ಅವರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ.

ಇನ್ನು ಆ ಕಡತದಲ್ಲಿ ಬರೆಯುವುದೇನು? ಮನೆಯ ವಸ್ತುಗಳ ಪಟ್ಟಿಯನ್ನೇ ಬರೆಯಬಹುದು: ಹಂಡೆ, ಕೊಡ, ತಪ್ಪಲೆ, ಅಕ್ಕಿಯ ಮೂಟೆ, ಕೊಟ್ಟಿಗೆಯ ಹಸು. ಪಟ್ಟಿ ಮುಗಿದ ಮೇಲೆ ಅಜ್ಜಿ ಊರ ಸೀಮೆಯ ಕಥೆಯನ್ನು ಹೇಳುತ್ತಾಳೆ. 1932ರಲ್ಲಿ ಈ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಸಿದ್ದಾಪುರ ಮತ್ತು ಅಂಕೋಲಾ ತಾಲ್ಲೂಕುಗಳ ರೈತರು ಬ್ರಿಟಿಷ್ ಸರ್ಕಾರಕ್ಕೆ ಕಂದಾಯ ಕೊಡೆವೆಂದು ಕರನಿರಾಕರಣೆ ನಡೆಸಿದರು. ಸರ್ಕಾರವು ಅವರ ಭೂಮಿಯನ್ನೂ ಮನೆಯ ಸಾಮಾನುಗಳನ್ನೂ ಜಪ್ತಿಮಾಡಿ ಹರಾಜು ಹಾಕಿತು. ಆ ಹೋರಾಟದಲ್ಲಿ ಹೆಂಗಸರೂ ಹಿಂದೆ ಬೀಳಲಿಲ್ಲ; ಅವರ ಸತ್ಯಾಗ್ರಹದ ಸ್ಮಾರಕವು ಇದೇ ತಾಲ್ಲೂಕಿನ ಮಾವಿನಗುಂಡಿಯಲ್ಲಿದೆ.

ಕಥೆ ಹೇಳುತ್ತಲೇ ಅಜ್ಜಿ ಒದ್ದೆ ಬಟ್ಟೆಯಿಂದ ಪಟ್ಟಿಯ ಒಂದೊಂದೇ ಹೆಸರನ್ನು ಒರೆಸುತ್ತಾಳೆ. ಮೊದಲು ಹಸು, ಬಳಿಕ ಹಂಡೆ, ಕೊನೆಗೆ ತಪ್ಪಲೆ. ಕಪ್ಪು ಬಟ್ಟೆ ಬರಿದಾದಾಗ ಮಗು, “ಹಾಗಾದರೆ ಅವರು ಅನ್ನ ಬೇಯಿಸಿದ್ದು ಯಾವುದರಲ್ಲಿ?” ಎಂದು ಕೇಳದೆ ಇರಲಾರದು. ತ್ಯಾಗವೆಂಬ ದೊಡ್ಡ ಮಾತು ಆಗ ಮಗುವಿನ ಮಟ್ಟಕ್ಕೆ ಇಳಿದು ಬರುತ್ತದೆ.

ಆದರೆ ಆಟವೇ ಚರಿತ್ರೆಯಲ್ಲ. “ನಮ್ಮ ಮನೆಯ ಹಂಡೆಯನ್ನೂ ಒಯ್ದಿದ್ದರೇ?” ಎಂದು ಮಗು ಕೇಳಿದರೆ, ಅದನ್ನು ಮೆಚ್ಚಿಸಲೆಂದು ‘ಹೌದು’ ಎನ್ನಬಾರದು. “ಹುಡುಕಿ ನೋಡೋಣ, ತಂಗೀ” ಎನ್ನುವುದೇ ಸರಿಯಾದ ಉತ್ತರ. ಅಟ್ಟದ ಪೆಟ್ಟಿಗೆಯಲ್ಲಿ ಹಳೆಯ ಪಾವತಿಗಳಿದ್ದಾವು. ನೆರೆಮನೆಯ ಹಿರಿಯರಿಗೆ ತಮ್ಮ ತಂದೆ-ತಾಯಿ ಹೇಳಿದ ಮಾತುಗಳು ನೆನಪಿದ್ದಾವು. ಕಲ್ಪಿಸಿಕೊಂಡುದು ಯಾವುದು, ಆಧಾರವುಳ್ಳದ್ದು ಯಾವುದು ಎಂಬ ವಿವೇಕವನ್ನು ಮಗು ಹೀಗೆ ಕಲಿಯುತ್ತದೆ.

ಈ ಹುಡುಕಾಟವನ್ನು ಮುಂದೂಡುವಂತಿಲ್ಲ. ಆ ದಿನಗಳನ್ನು ಕಣ್ಣಾರೆ ಕಂಡವರು ಇಂದು ಸಿಗುವುದು ದುರ್ಲಭ. ಮಲೆನಾಡಿನ ಮಳೆಯೂ ಗೆದ್ದಲೂ ಕಾಗದವನ್ನು ಬಹುಕಾಲ ಉಳಿಯಗೊಡುವುದಿಲ್ಲ. ಪೆಟ್ಟಿಗೆಯಲ್ಲಿರುವ ಒಂದು ಹಳೆಯ ಪಾವತಿಯನ್ನು ಕಸವೆಂದು ಎಸೆಯದೆ ಜೋಪಾನವಾಗಿ ಎತ್ತಿಡುವ ಮಗು, ನೂರು ಇಸವಿಗಳನ್ನು ಒಪ್ಪಿಸಬಲ್ಲ ಮಗುವಿಗಿಂತ ಚರಿತ್ರೆಯನ್ನು ಹೆಚ್ಚಾಗಿ ಕಲಿತಿರುತ್ತದೆ.